ಮಗ್ಗದ ಕೂದಲು

ಶನಿವಾರ ಬೆಳಗ್ಗೆ ಎಂಟಕ್ಕೆ
ಹ್ಯಾಲಿಫ್ಯಾಕ್ಸಿನ ಗಿಬೆಟ್ ಬೀದಿಯ ನನ್ನ ಅಂಗಡಿಗೆ
ಡೋರಿನ್ ಬ್ಯಾರಕ್ಲೋ ಬರುತ್ತಾಳೆ,
ಕಂಕುಳಲ್ಲಿ ಪೆಗ್.
ಪೆಗ್ ಅಂದರೆ ಎರಡೂಮುಕ್ಕಾಲು ಕಿಲೋ ನಾಯಿ,
ಯಾರ್ಕ್‌ಶೈರ್ ಟೆರಿಯರ್, ಜಾತಿ ನಾಯಿ.
ಕಾಗದದ ಮೇಲಿನ ಹೆಸರು ಅವಳಿಗಿಂತ ಉದ್ದ:
ಹೆಬಲ್‌ಸೈಡಿನ ಸಿಲ್ವರ್ ಶಟಲ್.
ನಮ್ಮ ಮಾತಿನಲ್ಲಿ, ಬೆಳ್ಳಿ ಲಾಳಿ.

ಬೆನ್ನಿನ ಕೂದಲನ್ನು ಬೈತಲೆ ತೆಗೆದು
ಒಂದೊಂದು ಎಳೆಯನ್ನೂ ಕಾಗದದಲ್ಲಿ ಸುತ್ತಿ
ರಬ್ಬರು ಹಾಕಬೇಕು. ಒಟ್ಟು ಇಪ್ಪತ್ತೆಂಟು ಪೊಟ್ಟಣ.
ದಾವಣಗೆರೆಯ ಮಂಡಕ್ಕಿ ಅಂಗಡಿಯವನೂ
ಇಷ್ಟು ಶ್ರದ್ಧೆಯಿಂದ ಕಟ್ಟುತ್ತಿರಲಿಲ್ಲ.
ಪೆಗ್ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿರುತ್ತಾಳೆ.
ಒಂದು ಕಣ್ಣು ಮಾತ್ರ
ಗೋಡೆಯ ಬುಡದ ತೂತಿನ ಮೇಲೆ.

ಅಷ್ಟರಲ್ಲಿ ಡೋರಿನ್ ವಂಶಾವಳಿ ಬಿಚ್ಚುತ್ತಾಳೆ.
ಎತ್ತಿನ ಮೇಲೆ ಕೂತ ಹೆಳವನ ದನಿ:
ತಂದೆ ಚಾಂಪಿಯನ್, ತಂದೆಯ ತಂದೆ ಚಾಂಪಿಯನ್,
ತಾಯಿಯ ತಾಯಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಹಸಿರು ರಿಬ್ಬನ್ನು.
ಐದು ತಲೆ. ಆರು ತಲೆ.
ಏಳನೆಯದಕ್ಕೆ ದನಿ ಸಣ್ಣಗಾಗುತ್ತದೆ.
ಆಚೆಗೆ? ಎನ್ನುತ್ತೇನೆ.
ಆಚೆಗೆ ಗಿರಣಿ, ಎನ್ನುತ್ತಾಳೆ.

ಸ್ಕಾಟ್ಲೆಂಡಿನ ನೇಕಾರರು ಕೂಲಿ ಹುಡುಕಿ ಇಳಿದು ಬಂದರಂತೆ.
ಕೈಮಗ್ಗ ಸತ್ತಿತ್ತು, ಮಕ್ಕಳು ಸಾಯಬಾರದಿತ್ತು.
ಗಂಟಿನ ಹಿಂದೆ ನಾಯಿ,
ಪೈಸ್ಲಿಯದೋ ಕ್ಲೈಡ್ ಕಣಿವೆಯದೋ, ಕೇಳಿದವರಿಲ್ಲ.
ಇಲ್ಲಿ ಉಣ್ಣೆಯ ಮೂಟೆ, ಮೂಟೆಗೊಂದು ಇಲಿಯ ಸಂಸಾರ.
ಇಲ್ಲಿನ ನಾಯಿಗಳೊಡನೆ ಅದು ಕೂಡಿತು
ರಾತ್ರಿ, ಮೂಟೆಗಳ ಸಂದಿಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ.
ಬರೆದಿಡಲಿಲ್ಲ.
ನೇಕಾರರಿಗೆ ಅಕ್ಷರ ಬರುತ್ತಿರಲಿಲ್ಲ,
ಬಂದವರಿಗೆ ಪುರಸೊತ್ತಿರಲಿಲ್ಲ.
ಯಾರ ನಾಯಿ ಎಷ್ಟು ಇಲಿ ಕೊಂದಿತು ಅನ್ನುವುದಷ್ಟೇ
ಪಬ್ಬಿನ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು.
ಅದನ್ನೂ ಸೋಮವಾರ ಒರೆಸುತ್ತಿದ್ದರು.

ಕೂದಲು ನೆಲ ಮುಟ್ಟಿದಾಗ ಊರು ನಕ್ಕಿತಂತೆ:
ಇದು ಹೆತ್ತ ನಾಯಲ್ಲ, ಮಗ್ಗದಲ್ಲಿ ನೇಯ್ದದ್ದು.
ಆಮೇಲೆ ಯಾವಳೋ ದೊಡ್ಡಮನೆಯವಳು
ಮಡಿಲಿಗೆ ಎತ್ತಿಕೊಂಡಳು.
ಅಲ್ಲಿಂದ ನಾಯಿ ಸಣ್ಣದಾಗುತ್ತ ಬಂತು,
ಕಾಗದ ದೊಡ್ಡದಾಗುತ್ತ.

ನನ್ನಜ್ಜನೂ ಗಿರಣಿಯವನೇ, ಹತ್ತಿಯದು.
ಗೇಟಿನಲ್ಲೊಂದು ಕಂದು ನಾಯಿ, ಹೆಸರು ಬಾಬಿನ್.
ಮೀಸೆಯಲ್ಲಿ ಹತ್ತಿ, ಬಾಯಲ್ಲಿ ಹೆಗ್ಗಣ.
ಯಾವ ಜಾತಿ ಅಜ್ಜ? ಎಂದು ಕೇಳಿದ್ದೆ.
ಬೀಡಿ ಆರಿಸಿ ಅಜ್ಜ ಅಂದ:
ಸೆಕೆಂಡ್ ಶಿಫ್ಟು.

ಬಾಬಿನ್ನನ ಮಕ್ಕಳು ಮೊಮ್ಮಕ್ಕಳು ಊರ ತುಂಬ ಇರಬೇಕು.
ಯಾವುದು ಅಂತ ಬೆರಳು ತೋರಿಸಲಾರೆ.

ಕಂತ್ರಿ ಅಂತ ಒಂದು ಮಾತಿದೆ ನಮ್ಮಲ್ಲಿ,
ನಿಮ್ಮದೇ ಪದ, ಅಂದೆ ಡೋರಿನ್‌ಗೆ.
ಕಂಟ್ರಿ ಅಂತ ಹಡಗು ಹತ್ತಿತ್ತು,
ನಮ್ಮ ಬಂದರಿನಲ್ಲಿ ಬೈಗುಳವಾಗಿ ಇಳಿಯಿತು.
ಹುಟ್ಟಿದ ನಾಡಿನದೇ ನಾಯಿ;
ಅದಕ್ಕೇ ಕಲ್ಲು ಬೀಳುವುದು.

ಅವಳು ನಗಲಿಲ್ಲ.
ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು.
ನಮ್ಮ ಮುತ್ತಜ್ಜಿ ಹುಟ್ಟಿದ್ದು ನೂಲಿನ ಕೋಣೆಯಲ್ಲಂತೆ, ಅಂದಳು.
ರಿಜಿಸ್ಟರಿನಲ್ಲಿ ನೋಡಿದ್ದೇನೆ.
ತಂದೆಯ ಹೆಸರಿನ ಜಾಗದಲ್ಲಿ
ಒಂದು ಗೀಟು.

ರೇಡಿಯೇಟರ್ ಟಿಕ್ ಟಿಕ್ ಅನ್ನುತ್ತಿತ್ತು.
ಕಾಗದಗಳನ್ನು ಮಡಿಸಿ ಅವಳು ಚೀಲಕ್ಕೆ ಹಾಕಿಕೊಂಡಳು,
ಎಂದಿನ ಹಾಗೆ ನಲವತ್ತು ಪೌಂಡು ಎಣಿಸಿದಳು.

ನಾಳೆ ಲೀಡ್ಸಿನಲ್ಲಿ ಸ್ಪರ್ಧೆ.
ಕೂದಲು, ನಡಿಗೆ, ಕಿವಿ ನಿಂತಿದೆಯೋ ಎಂದು ನೋಡುತ್ತಾರೆ.
ಹಲ್ಲು? ಕೇಳಿದಳು ಬಾಗಿಲಲ್ಲಿ ನಿಂತು.
ಇಪ್ಪತ್ತೆಂಟನೆಯ ಪೊಟ್ಟಣ ಕಟ್ಟುವಾಗ
ತೂತಿನಲ್ಲಿ ಏನೋ ಸರಿದಿತ್ತು,
ನನ್ನ ಕೈ ಅಡ್ಡ ಬಂದಿತ್ತು.

ಹೆಬ್ಬೆರಳಿನ ಬ್ಯಾಂಡೇಜು ಎತ್ತಿ ತೋರಿಸಿದೆ.
ಹಲ್ಲು ಚೆನ್ನಾಗಿವೆ.